ರ‍್ಯಾಮು ಕೂರಿಸಿದ ಗುರುಶಾಂತ

ಹರಿಹರದಲ್ಲಿ ಸರ್ವಮಂಗಳಮ್ಮ ಅಂತ ಒಬ್ಬಳಿದ್ದಳು. ಮನೆಯಲ್ಲೇ ಒಂದು ಕಂಪ್ಯೂಟರ್ ಇಟ್ಟುಕೊಂಡು ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು ಟೈಪ್ ಮಾಡಿ ಪ್ರೆಸ್ಸಿಗೆ ಕಳಿಸೋದು ಅವಳ ಕಸುಬು. ಅವಳಿಗೊಬ್ಬನೇ ಮಗ, ಗುರುಶಾಂತ. ಇಪ್ಪತ್ತೆಂಟು ವರ್ಷ, ಬಾಗಿಲು ತುಂಬುವಂಥ ಆಳು. ಸೋಮಾರಿಯಲ್ಲ, ಎದುರು ಮಾತಾಡಿದವನಲ್ಲ. ಹೇಳಿದ್ದನ್ನು ಮಾಡುತ್ತಿದ್ದ. ತೊಂದರೆ ಇದ್ದದ್ದೇ ಅಲ್ಲಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅಕ್ಕಿ ಆರಿಸು ಅಂದರೆ ಬೀಸಣಿಗೆ ಹಿಡಿದು ಅಕ್ಕಿಗೆ ಗಾಳಿ ಹಾಕುತ್ತಿದ್ದ.

ಒಂದು ದಿನ ಕಂಪ್ಯೂಟರಿನ ಫ್ಯಾನು ಗಿರಣಿಯ ಹಾಗೆ ಸದ್ದು ಮಾಡತೊಡಗಿತು. ಡಬ್ಬ ಬಿಚ್ಚಿ ಒಳಗಿನ ಧೂಳು ತೆಗಿ, ಏನೂ ಉಳಿಸಬೇಡ ಅಂತ ಹೇಳಿ ಅವ್ವ ಸಂತೆಗೆ ಹೋದಳು. ಬಂದು ನೋಡುತ್ತಾಳೆ, ಗುರುಶಾಂತ ಏನೂ ಉಳಿಸಿಲ್ಲ. ಮೊರದ ತುಂಬ ವೈರು, ತಟ್ಟೆಯ ತುಂಬ ಸ್ಕ್ರೂ, ಪೇಪರಿನ ಮೇಲೆ ಸಾಲಾಗಿ ಹಸಿರು ಪಟ್ಟಿಗಳು. ಡಬ್ಬ ಮಾತ್ರ ಖಾಲಿ, ತೊಳೆದ ಪಾತ್ರೆಯ ಹಾಗೆ ಹೊಳೆಯುತ್ತಿತ್ತು.

ಅವ್ವ ತಲೆ ಮೇಲೆ ಕೈಯಿಟ್ಟು ಕೂತಳು. ಆ ಕಂಪ್ಯೂಟರಿನೊಳಗೆ ಸೈಕಲ್ ಅಂಗಡಿ ರಾಮಣ್ಣನ ಮಗಳ ಲಗ್ನಪತ್ರಿಕೆ ಇತ್ತು. ಎರಡೂ ಕಡೆಯ ನೆಂಟರ ಹೆಸರು ಸೇರಿಸಿ ಮೂರು ದಿನ ಕೂತು ಜೋಡಿಸಿದ್ದು. ಕೊನೆಯ ಎರಡು ಸಾಲು ಬಾಕಿ. ಮಾರನೆಯ ಮಧ್ಯಾಹ್ನದೊಳಗೆ ಪ್ರೆಸ್ಸಿಗೆ ಮುಟ್ಟಬೇಕು. ಬೇರೆಲ್ಲೂ ಅದರ ನಕಲಿಲ್ಲ.

ಗುರುಶಾಂತ ಎಲ್ಲವನ್ನೂ ತಿರುಗಿ ಜೋಡಿಸಿದ. ಬಟನ್ ಒತ್ತಿದರೆ ಪರದೆ ಕಪ್ಪು. ಡಬ್ಬ ಬೀಪ್ ಬೀಪ್ ಅಂತ ಅರಚಿಕೊಂಡಿತು, ಅಷ್ಟೇ.

"ಇನ್ನು ನಿನ್ನ ತಲೆ ಓಡಿಸಬೇಡ," ಅಂದಳು ಅವ್ವ. "ರಿಪೇರಿ ಅನ್ಸಾರಿಗೆ ಫೋನ್ ಮಾಡು. ಅವನು ಹೇಳಿದ್ದನ್ನು ಮಾಡು."

ಅನ್ಸಾರ್ ಅವತ್ತು ದಾವಣಗೆರೆಯಲ್ಲಿದ್ದ. ಬರೋಕಾಗಲ್ಲ, ಫೋನಿನಲ್ಲೇ ಹೇಳ್ತೀನಿ, ನಾಳೆ ಬೆಳಿಗ್ಗೆ ಕೂತು ಮಾಡು ಅಂದ. ಬೆಳಿಗ್ಗೆ ಗುರುಶಾಂತ ಫೋನ್ ಹಚ್ಚಿದ. ಮೊದಲು ಕರೆಂಟ್ ತೆಗಿ, ಐದು ನಿಮಿಷ ಬಿಡು ಅಂದ ಅನ್ಸಾರ್. ಗುರುಶಾಂತ ಸ್ಟೂಲು ಹತ್ತಿ ಮನೆಯ ಫ್ಯೂಸನ್ನೇ ಕಿತ್ತು ಜೇಬಿನಲ್ಲಿಟ್ಟುಕೊಂಡ. ಅಡುಗೆಮನೆಯಲ್ಲಿ ಗ್ರೈಂಡರು ಅರ್ಧ ರುಬ್ಬಿದ ಹಿಟ್ಟಿನ ಜೊತೆ ನಿಂತುಹೋಯಿತು. ಮೋಟಾರು ನಿಂತು ಬಚ್ಚಲಿನ ನಲ್ಲಿಯೂ ನಿಂತಿತು. ಅವ್ವ ಕೈಯೆಲ್ಲ ಹಿಟ್ಟು ಮಾಡಿಕೊಂಡು ಓಡಿ ಬಂದಳು.

"ಯಾರನ್ನೂ ಕೇಳದೆ ಕೈ ಹಾಕ್ತೀಯಲ್ಲ. ಏನನ್ನು ಮುಟ್ಟೋದಿದ್ದರೂ ಮೊದಲು ಒಪ್ಪಿಗೆ ಕೇಳಬೇಕು ಕಣೋ."

ಆಯ್ತವ್ವ ಅಂದ ಗುರುಶಾಂತ. ಮನಸ್ಸಿನಲ್ಲಿ ಅಚ್ಚೊತ್ತಿಕೊಂಡ.

ಅಷ್ಟರಲ್ಲಿ ರಾಮಣ್ಣನೇ ಬಂದ. ಪುರೋಹಿತರ ಹತ್ತಿರ ಮುಹೂರ್ತ ಗಟ್ಟಿ ಮಾಡಿಸಿಕೊಂಡು ಬಂದಿದ್ದ. ಪತ್ರಿಕೆ ಒಳಗೇ ಸಿಕ್ಕಿಕೊಂಡಿದೆ ಅಂತ ಗೊತ್ತಾದದ್ದೇ, ಪಾಪ, ಕೂರೋದಿಲ್ಲ, ನಿಲ್ಲೋದಿಲ್ಲ. ಪಡಸಾಲೆಯ ಆ ತುದಿಯಿಂದ ಈ ತುದಿಗೆ ಓಡಾಡತೊಡಗಿದ. ಅವ್ವ ಅವನಿಗೆ ಕಾಫಿ ತರಲು ಒಳಗೆ ಹೋದಳು.

ಗುರುಶಾಂತ ಫ್ಯೂಸು ಹಾಕಿ, ಮತ್ತೆ ಅನ್ಸಾರಿಗೆ ಫೋನ್ ಮಾಡಿ, ಬೀಪ್ ಸದ್ದು ಕೇಳಿಸಿದ.

"ಅದು ರ‍್ಯಾಮು ಕಣೋ," ಅಂದ ಅನ್ಸಾರ್. "ರ‍್ಯಾಮು ಸರಿಯಾಗಿ ಕೂತಿಲ್ಲ. ಕೂರಿಸು. ಎರಡೂ ತುದಿಗೆ ಕೈಯಿಟ್ಟು ಸಮನಾಗಿ ಒತ್ತು. ಟಕ್ ಅನ್ನೋ ತನಕ ಬಿಡಬೇಡ."

ಗುರುಶಾಂತ ತಿರುಗಿ ನೋಡಿದ. ನಿಜವೇ, ರಾಮಣ್ಣ ಕೂತಿಲ್ಲ. ಅನ್ಸಾರಿಗೆ ದಾವಣಗೆರೆಯಿಂದಲೇ ಕಂಡಿತಲ್ಲ ಅಂತ ಅವನಿಗೆ ಬೆರಗು. ಅವ್ವನ ಮಾತು ಮರೆಯಲಿಲ್ಲ. ನಿಮ್ಮನ್ನು ಕೂರಿಸಲಾ ಅಂತ ಒಪ್ಪಿಗೆ ಕೇಳಿದ. ಎಂಥ ಮರ್ಯಾದಸ್ಥ ಹುಡುಗ ಅಂದುಕೊಂಡು ರಾಮಣ್ಣ ಹೂಂ ಅಂದ. ಗುರುಶಾಂತ ಅವನನ್ನು ಕುರ್ಚಿಗೆ ಇಳಿಸಿ, ಎರಡೂ ಭುಜದ ತುದಿಗೆ ಕೈಯಿಟ್ಟು, ಸಮನಾಗಿ ಒತ್ತಿದ. ರಾಮಣ್ಣ ಸಾಕಪ್ಪ ಅಂದ. ಸಾಕಪ್ಪ ಅನ್ನೋದು ಟಕ್ ಅಲ್ಲವಲ್ಲ. ಗುರುಶಾಂತ ಇನ್ನಷ್ಟು ಒತ್ತಿದ. ಕೊನೆಗೆ ಬಲ ಭುಜದಲ್ಲಿ ಟಕ್ ಅಂತು.

ಅವ್ವ ಕಾಫಿ ಲೋಟ ಹಿಡಿದು ಬಂದಾಗ ರಾಮಣ್ಣನ ಕಣ್ಣಲ್ಲಿ ನೀರು. ಗುರುಶಾಂತ ಬಟನ್ ಒತ್ತಿ ನೋಡುತ್ತಿದ್ದ.

ಅವಳು ಫೋನ್ ಕಿತ್ತುಕೊಂಡು ತಾನೇ ಅನ್ಸಾರಿನ ಹತ್ತಿರ ಕೇಳಿದಳು. ರ‍್ಯಾಮು ಅಂದರೆ ಗೇಣುದ್ದದ ಹಸಿರು ಪಟ್ಟಿ ಅಂತ ಗೊತ್ತಾಯಿತು. ಮಗನಿಗೆ ಪಟ್ಟಿ ತೋರಿಸಿ, ಒತ್ತೋದಾದರೆ ಇದನ್ನು ಒತ್ತು, ಆದರೆ ನೋಯುವ ಹಾಗೆ ಒತ್ತಬೇಡ ಅಂದಳು. ಗುರುಶಾಂತ ಆ ಪಟ್ಟಿಯನ್ನು ನವಿಲುಗರಿ ಮುಟ್ಟಿದ ಹಾಗೆ ಮುಟ್ಟಿ, ಬಗ್ಗಿ, ನೋಯ್ತದಾ ಅಂತ ಕೇಳಿದ. ಉತ್ತರಕ್ಕೆ ಕಾದ. ಅವ್ವನಿಗೆ ಸಾಕಾಗಿ ಹೋಯಿತು. ಅವನನ್ನು ಪಕ್ಕಕ್ಕೆ ತಳ್ಳಿ, ತಾನೇ ಹೆಬ್ಬೆರಳಿಟ್ಟು ಒತ್ತಿದಳು. ಟಕ್. ಬಟನ್ ಒತ್ತಿದಳು. ಒಂದೇ ಒಂದು ಬೀಪ್. ಪರದೆ ಬೆಳಗಿತು. ಪತ್ರಿಕೆ ಇದ್ದ ಹಾಗೇ ಇತ್ತು. ಅವಳು ಕಣ್ಣೊರೆಸಿಕೊಂಡಳು.

ಗಡಿಯಾರ ನೋಡಿದರೆ ಹನ್ನೊಂದೂವರೆ. ಎರಡು ಸಾಲು ಬಾಕಿ, ಪ್ರೆಸ್ಸಿನಿಂದ ಫೋನಿನ ಮೇಲೆ ಫೋನು. ಇತ್ತ ರಾಮಣ್ಣನ ಭುಜ ಊದಿಕೊಳ್ಳುತ್ತಿತ್ತು. ಮಗ ಮಾಡಿದ್ದಕ್ಕೆ ತಾಯಿ ತಾನೇ ಕೈ ಹಚ್ಚಬೇಕು. ಅವಳು ಎಣ್ಣೆ, ಬಿಸಿನೀರು, ಬಟ್ಟೆ ತಂದಳು. ಟೈಪಿಂಗು ಗುರುಶಾಂತನಿಗೆ ಚೆನ್ನಾಗಿ ಬರುತ್ತಿತ್ತು, ಅವಳೇ ಕಲಿಸಿದ್ದು. ಅವನನ್ನು ಕಂಪ್ಯೂಟರಿನ ಮುಂದೆ ಕೂರಿಸಿದಳು.

"ನಾನು ಇವರ ಭುಜ ನೋಡ್ತೀನಿ. ನಾನು ಹೇಳ್ತಾ ಹೋಗ್ತೀನಿ, ನೀನು ಟೈಪ್ ಮಾಡ್ತಾ ಹೋಗು. ನಿನ್ನದೊಂದು ಅಕ್ಷರ ಸೇರಿಸಬೇಡ, ನನ್ನದೊಂದು ಅಕ್ಷರ ಬಿಡಬೇಡ."

ಅವಳು ಹೇಳುತ್ತಾ ಹೋದಳು. ಅವನು ಟಪಟಪ ಹೊಡೆಯುತ್ತಾ ಹೋದ. ಹದಿನೈದು ನಿಮಿಷದಲ್ಲಿ ಕೆಲಸ ಮುಗಿದು, ಗುರುಶಾಂತ ಪೆನ್‌ಡ್ರೈವ್ ಹಿಡಿದು ಪ್ರೆಸ್ಸಿಗೆ ಓಡಿದ. ಅಲ್ಲಿ ರಾಮಣ್ಣನ ತಮ್ಮಂದಿರಿಬ್ಬರು ಬೈಕು ನಿಲ್ಲಿಸಿಕೊಂಡು ಕಾದಿದ್ದರು. ಕಾರ್ಡು ಕವರಿಗೆ ಬಿದ್ದದ್ದೇ ಒಬ್ಬ ರಾಣೆಬೆನ್ನೂರ ಕಡೆಗೆ, ಒಬ್ಬ ಹೊನ್ನಾಳಿ ಕಡೆಗೆ ನೆಂಟರಿಗೆ ಹಂಚಲು ಹೊರಟು ಹೋದರು.

ಸಂಜೆ ಗುರುಶಾಂತ ಒಂದು ಕಾರ್ಡು ತಂದು ಅವ್ವನ ಕೈಗಿಟ್ಟ. ಚೆಂದದ ಕೆಂಪು ಕಾರ್ಡು, ಮೇಲೆ ಗಣಪತಿ. ಹೆಸರುಗಳೆಲ್ಲ ಸರಿ ಇದ್ದವು. ಅವಳು ಕನ್ನಡಕ ಏರಿಸಿ ಕೊನೆಯ ಸಾಲುಗಳಿಗೆ ಬಂದಳು.

"ಬೆಳಿಗ್ಗೆ ಹತ್ತೂಕಾಲರಿಂದ ಇಲ್ಲಿ ನೋಯ್ತದಾ ರಾಮಣ್ಣ ಇನ್ನೂ ಸ್ವಲ್ಪ ಕೆಳಗಾ ಹನ್ನೊಂದರೊಳಗೆ ಸಲ್ಲುವ ಶುಭ ಲಗ್ನದಲ್ಲಿ ಅಂಗಿ ಬಿಚ್ಚಿ ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ ಹೀಗೆ ಎಣ್ಣೆ ಹಚ್ಚಿ ತಿಕ್ಕಬೇಕು ಅಳಬೇಡಿ ವಧೂವರರನ್ನು ಆಶೀರ್ವದಿಸಬೇಕಾಗಿ ವಿನಂತಿ ಆಯ್ತೇನೋ ಪೆದ್ದ ಬೇಗ ಓಡು."

ಅವ್ವ ಬೈಯಲು ಬಾಯಿ ತೆರೆದಳು. ಏನು ಹೇಳಿದರೆ ಏನಾಗುತ್ತದೋ ಅಂತ ಹೆದರಿ ಮುಚ್ಚಿಕೊಂಡಳು.

"ಒಂದಕ್ಷರನೂ ಬಿಟ್ಟಿಲ್ಲವ್ವ," ಅಂದ ಗುರುಶಾಂತ.

ಮದುವೆಗೆ ಜನ ಕಿಕ್ಕಿರಿದು ಬಂದರು. ಬಂದವರು ವಧೂವರರಿಗೆ ಅಕ್ಷತೆ ಹಾಕಿದರು. ಹಾಕಿ, ಒಬ್ಬೊಬ್ಬರಾಗಿ ರಾಮಣ್ಣನ ಹತ್ತಿರ ಹೋಗಿ, ಜೇಬಿನಿಂದ ನೋವಿನೆಣ್ಣೆಯ ಬಾಟಲಿ ತೆಗೆದು, ಅಂಗಿ ಬಿಚ್ಚಿ ಅಂದರು.