ಬಿಳಿ ಅನ್ನ

ಹೊಳೆದಂಡೆಯ ಆಶ್ರಮದಲ್ಲಿ ಅಡುಗೆ ವಿರೂಪನದು. ಅವನ ಕೈಹಿಡಿದು ಅಕ್ಷರ ತಿದ್ದಿಸಿದವನು ಹಿರಿಯ ಶಿಷ್ಯ ಬೊಮ್ಮಣ್ಣ. ಈಗ ಬೊಮ್ಮಣ್ಣನಿಗೆ ಹಲ್ಲಿಲ್ಲ. ರೊಟ್ಟಿ, ಕಾಳು ಯಾವುದೂ ಆಗದು. ಮೆತ್ತಗಿನ ಅನ್ನವೊಂದೇ ಗತಿ.

ಗುರುಗಳು ಯಾತ್ರೆಗೆ ಹೋದಾಗ ವಿರೂಪನಿಗೆ ಪ್ರೀತಿ ಉಕ್ಕಿತು. ಬೊಮ್ಮಣ್ಣನ ಪಾಲಿನ ಅಕ್ಕಿಯನ್ನು ದಿನವೂ ಮಲ್ಲಿಗೆಯಷ್ಟು ಬೆಳ್ಳಗಾಗುವ ತನಕ ಕುಟ್ಟಿದ. ತೌಡನ್ನು ಆಶ್ರಮದ ಕರುವಿಗೆ ಹಾಕಿದ. ನೀರು ತಿಳಿಯಾಗುವವರೆಗೆ ತೊಳೆದು, ಬಸಿದ ಗಂಜಿಯನ್ನೂ ಕರುವಿನ ಬಾನಿಗೇ ಸುರಿದ.

ಎರಡು ತಿಂಗಳು ಕಳೆಯುವಷ್ಟರಲ್ಲಿ ಬೊಮ್ಮಣ್ಣನ ಪಾದ ಜೋಮು ಹಿಡಿಯಿತು. ಆಮೇಲೆ ಕಾಲು ಊದಿತು. ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು.

ಬಲ ಸಾಲದೆಂದು ವಿರೂಪ ಅದೇ ಅನ್ನವನ್ನು ಇನ್ನೊಂದು ತುತ್ತು, ಮತ್ತೊಂದು ತುತ್ತು ಎಂದು ಒತ್ತಾಯ ಮಾಡಿ ಉಣ್ಣಿಸಿದ. ಅಂಥ ಪ್ರೀತಿಗೆ ಏನೆನ್ನಬೇಕೋ ನನಗಂತೂ ತಿಳಿಯದು.

ಗುರುಗಳು ಮರಳುವ ಹೊತ್ತಿಗೆ ಬೊಮ್ಮಣ್ಣ ಹಾಸಿಗೆ ಹಿಡಿದಿದ್ದ. ಅವರು ಊದಿದ ಕಾಲನ್ನು ಬೆರಳಿನಿಂದ ಒತ್ತಿದರು. ಕುಳಿ ಹಾಗೇ ಉಳಿಯಿತು.

ಏನು ಉಣ್ಣಿಸಿದೆ ಎಂದು ಕೇಳಿದರು. ವಿರೂಪ ಹೆಮ್ಮೆಯಿಂದಲೇ ಎಲ್ಲ ಹೇಳಿದ.

ಗುರುಗಳು ಆರಿದ ಒಲೆಗೆ ಸೌದೆ ತುರುಕಿ, ನೀರು ಕಾಯಿಸು ಎಂದರು. ವಿರೂಪ ಕೆಂಡ ತರಲು ಹೊರಟರೆ ಬಾಗಿಲಿಗೆ ಅಡ್ಡ ನಿಂತರು.

"ಕಿಡಿಯಿಲ್ಲದೆ ಹೇಗೆ ಉರಿದೀತು, ಗುರುಗಳೇ?"

"ಇನ್ನಷ್ಟು ಸೌದೆ ತುಂಬಲೇ?"

ವಿರೂಪ ಆರಿದ ಒಲೆಯತ್ತ ತಿರುಗಿದ.

"ಉಂಡ ಅನ್ನವೂ ಮೈಯೊಳಗೆ ಉರಿಯಬೇಕಪ್ಪ. ಅದಕ್ಕೂ ಒಂದು ಕಿಡಿ ಬೇಕು, ಕಣ್ಣಿಗೆ ಕಾಣದಷ್ಟು ಸಣ್ಣದು. ಅದು ತೌಡಿನಲ್ಲಿತ್ತು."

ಹೊರಗೆ ಕರು ಮೈತುಂಬಿಕೊಂಡು ನೆಗೆಯುತ್ತಿತ್ತು. ವಿರೂಪನಿಗೆ ಅದನ್ನು ನೋಡಲಾಗಲಿಲ್ಲ.

ಗುರುಗಳೇ ತೌಡಿನ ಗಂಜಿ ಕಾಯಿಸಿ ಬೊಮ್ಮಣ್ಣನ ಬಾಯಿಗೆ ಹನಿಸಿದರು. ಒಂದೆರಡು ಗುಟುಕು ಇಳಿಯಿತು. ಉಳಿದದ್ದು ಕಟವಾಯಿಯಿಂದ ಹೊರಗೆ ಹರಿಯಿತು.

ಬೊಮ್ಮಣ್ಣ ವಿರೂಪನ ಕೈಗಾಗಿ ತಡಕಾಡಿದ.

"ನಿನ್ನ ಅನ್ನ ರುಚಿಯಾಗಿತ್ತು ಕಣಪ್ಪ," ಎಂದ.

ಬೆಳಗಾಗುವಷ್ಟರಲ್ಲಿ ಉಸಿರು ನಿಂತಿತ್ತು.

ಮಣ್ಣು ಮಾಡಿ ಬಂದ ಮೇಲೆ ವಿರೂಪ ಹೊಳೆಯ ಕಲ್ಲಿನ ಮೇಲೆ ಕುಳಿತುಬಿಟ್ಟ. ಯಾರು ಕರೆದರೂ ಏಳಲಿಲ್ಲ. ಇದಕ್ಕೆ ಪ್ರಾಯಶ್ಚಿತ್ತ ಒಂದೇ, ಇನ್ನು ಪ್ರಾಣ ಹೋಗುವವರೆಗೆ ಅನ್ನ ಮುಟ್ಟುವುದಿಲ್ಲ ಎಂದ.

ಗುರುಗಳು ತೌಡು ತೆಗೆಯದ ಅಕ್ಕಿಯ ಅನ್ನವನ್ನು ಎಲೆಯಲ್ಲಿ ತಂದು ಅವನ ಮುಂದಿಟ್ಟರು.

"ಬೊಮ್ಮಣ್ಣ ಹೊಟ್ಟೆ ತುಂಬ ಉಂಡೇ ಉಪವಾಸ ಸತ್ತ. ಒಬ್ಬ ಸಾಕು. ಉಣ್ಣು."