ಕಿಟ್ಟದಗುಡ್ಡೆಯಲ್ಲಿ ಶ್ರೀ ಸುತ್ತಿಗೆಯಮ್ಮನವರು ನೆಲೆಸಿದ ಮಹಿಮೆ

ಸಕಲ ಶಬ್ದಗಳಿಗೂ ಮೂಲವಾದ ಓಂಕಾರಕ್ಕೆ ಮೊದಲು ಕೈಮುಗಿದು, ಆ ಬಳಿಕ ಹಗಲೆಲ್ಲ ಓಂಕಾರವನ್ನೇ ಮೀರಿಸುವಂತೆ ಮೊರೆಯುವ ಇಲ್ಲಿನ ಲೇತು, ಪ್ರೆಸ್ಸು, ಗ್ರೈಂಡಿಂಗ್ ಯಂತ್ರಗಳಿಗೂ ಕೈಮುಗಿದು, ಮನೆಗಳ ನಡುವೆ ಕಾರ್ಖಾನೆಯೂ ಕಾರ್ಖಾನೆಗಳ ನಡುವೆ ಮನೆಯೂ ಒತ್ತಿಕೊಂಡು ಕುಳಿತಿರುವ ಕಿಟ್ಟದಗುಡ್ಡೆ ಎಂಬ ಈ ಪುಣ್ಯಕ್ಷೇತ್ರದ ಮಹಿಮೆಯನ್ನು, ಹಿರಿಯರ ಬಾಯಿಂದ ಕೇಳಿದಂತೆ ಭಕ್ತಮಹಾಶಯರಿಗೆ ನಿವೇದಿಸಲಾಗಿದೆ. ಯಂತ್ರದ ಸದ್ದಿನಲ್ಲಿ ಒಂದೆರಡು ಮಾತು ಕೇಳಿಸದೆ ಹೋಗಿದ್ದರೆ ಅಮ್ಮನವರು ಮನ್ನಿಸಲಿ.

ಪೂರ್ವಕಾಲದಲ್ಲಿ, ಮಹಾನಗರವು ಇನ್ನೂ ಹುಟ್ಟದೆ, ಈಗ ಬಸ್ಸು ತಿರುಗುವ ಸರ್ಕಲ್ಲಿನಲ್ಲಿ ತೋಳಗಳು ತಿರುಗುತ್ತಿದ್ದ ದಿನಗಳಲ್ಲಿ, ಇಲ್ಲೊಂದು ಪುಟ್ಟ ಗ್ರಾಮವಿತ್ತು. ಅದರ ಮಗ್ಗುಲಿಗೇ ಒಂದು ಕಪ್ಪು ಗುಡ್ಡೆ. ಕಬ್ಬಿಣ ಕರಗಿಸುವಾಗ ಬೇರೆಯಾಗುವ ಕೊಳೆಗೆ ಕಿಟ್ಟವೆಂದು ಹೆಸರು. ಕಮ್ಮಾರರು ತಲೆತಲಾಂತರದಿಂದ ಆ ಕಿಟ್ಟವನ್ನು ತಂದು ಸುರಿದು ಸುರಿದು ಆದ ಗುಡ್ಡೆ ಅದು. ಅದರೊಳಗೆ ಗುಡ್ಡೆಯಮ್ಮನಿದ್ದಾಳೆಂದು ಊರವರು ದೂರದಿಂದಲೇ ಕೈಮುಗಿಯುತ್ತಿದ್ದರು. ಹತ್ತಿರ ಹೋದರೆ ಕಾಲಿಗೆ ಚುಚ್ಚುತ್ತಿತ್ತು.

ಆ ಗ್ರಾಮದ ಗೌಡರ ಧರ್ಮಪತ್ನಿಯೇ ಹೊನ್ನಾಜಮ್ಮ. ಕೈ ಬೆಣ್ಣೆ, ಬಾಯಿ ಮೆಣಸಿನಕಾಯಿ. ಬಹುಕಾಲ ತೊಟ್ಟಿಲು ಕಾಣದ ಆಕೆಯ ಮನೆಯಲ್ಲಿ, ಹರಕೆ ಕೇಳಿ ಕೇಳಿ ಸುತ್ತಲಿನ ದೇವರುಗಳೆಲ್ಲ ದಣಿದ ಮೇಲೆ, ಸೊಸೆ ಕೆಂಚಮ್ಮನ ಗರ್ಭದಲ್ಲಿ ಒಂದು ಹೆಣ್ಣುಕೂಸು ಜನಿಸಿತು. ಅಜ್ಜಿಗೆ ಸ್ವರ್ಗಕ್ಕೆ ಮೂರೇ ಗೇಣು. ಕೂಸಿನ ಮೇಲೆ ನೊಣ ಕೂತರೆ ನೊಣದ ವಂಶವನ್ನೇ ಶಪಿಸುವಳು.

ಆದರೆ ತೊಟ್ಟಿಲು ಕಟ್ಟಿದ ಗೋಡೆಯ ಆಚೆಗೇ ಕಮ್ಮಾರ ಮೌನಾಚಾರಿಯ ಕುಲುಮೆ. ಹೆಸರು ಮೌನಾಚಾರಿ, ಕಸುಬು ಊರೆಬ್ಬಿಸುವುದು. ನೇಗಿಲ ಗುಳ, ಕುಡುಗೋಲು, ಗಾಡಿಯ ಹಳಿ ಎಲ್ಲವೂ ಅವನ ಸುತ್ತಿಗೆಯ ಕೆಳಗೇ ಆಗಬೇಕು. ಕೂಸು ಆಗಾಗ ಅಳುತ್ತಿತ್ತು. ಕಬ್ಬಿಣವನ್ನು ಕಾಯಲೆಂದು ಬೆಂಕಿಗಿಟ್ಟು ಅವನು ಸುತ್ತಿಗೆ ಕೆಳಗಿಟ್ಟಾಗ ಮಾತ್ರವೇ ಅದು ಅಳುತ್ತಿತ್ತೆಂಬುದನ್ನು ಗಮನಿಸುವ ವ್ಯವಧಾನ ಅಜ್ಜಿಗೆಲ್ಲಿಯದು? ಅತ್ತಿತೆಂದರೆ ಸಾಕು, ಸುತ್ತಿಗೆಗೆ ಸಹಸ್ರನಾಮ.

ಕಡೆಗೊಂದು ಮುಂಜಾನೆ ಆಕೆ ಗುಡ್ಡೆಯ ಕಡೆಗೆ ಮುಖ ಮಾಡಿ ನಿಂತು, “ತಾಯೀ, ಈ ಸದ್ದೊಂದು ಅಡಗಿಸ್ಬುಡು. ತಂಬಿಟ್ಟಿನಾರತಿ ಎತ್ತಿಸ್ತೀನಿ” ಎಂದು ಹರಕೆ ಹೊತ್ತಳು. ಹೊತ್ತವಳು ದೇವಿಯ ದಾರಿ ಕಾಯಲಿಲ್ಲ. ನೆಟ್ಟಗೆ ಕುಲುಮೆಗೆ ನಡೆದಳು.

“ಆಚಾರಿ, ನಿನ್ ಕುಲುಮೆ ಎತ್ಕೊಂಡು ಹಳ್ಳದಾಚೆಗೆ ಹೋಗು. ನಮ್ ಕೂಸ್ಗೆ ಕಣ್ಣು ಮುಚ್ಚಾಕಾಗ್ತಿಲ್ಲ.”

“ಕೂಸಿಗಿಂತ ಕುಲುಮೆ ದೊಡ್ಡದೇನವ್ವಾ?” ಎಂದಷ್ಟೇ ಹೇಳಿ, ಮೌನಾಚಾರಿಯು ಗಾಳಿಯೂದುವ ತಿದಿಯನ್ನೂ ಇಕ್ಕಳವನ್ನೂ ಕಬ್ಬಿಣವಿಟ್ಟು ಬಡಿಯುವ ಅಡಿಗಲ್ಲನ್ನೂ ಗಾಡಿಗೆ ಹೇರಿದನು. ಮುತ್ತಾತಂದಿರು ಊದಿದ ಬೆಂಕಿಗೆ ನೀರು ಹುಯ್ಯುವಾಗ ಅವನ ಕಣ್ಣು ತುಂಬಿ ಬಂದಿತು. ಕೇಳಿದವರಿಗೆ ಹೊಗೆ ಎಂದನು.

ಊರು ನಿಶ್ಶಬ್ದವಾಯಿತು. ಹೊನ್ನಾಜಮ್ಮ ಗೆದ್ದ ಉತ್ಸಾಹದಲ್ಲಿ ತಂಬಿಟ್ಟಿಗೆ ಅಕ್ಕಿ ಹುರಿಯಲು ಕೂತಳು. ಅಕ್ಕಿ ಕೆಂಪಗಾಗುವ ಮೊದಲೇ ಕೂಸು ಅಳತೊಡಗಿತು, ಮತ್ತೆ ನಿಲ್ಲಿಸಲೇ ಇಲ್ಲ. ಬಜೆ ತೇದು ನೆಕ್ಕಿಸಿದರು, ದೃಷ್ಟಿ ನಿವಾಳಿಸಿದರು, ಕೇರಿಯ ಹೆಂಗಸರೆಲ್ಲ ಲಾಲಿ ಹಾಡಿದರು. ಗೌಡರೂ ಹಾಡಿದರು, ಅಳು ಇನ್ನಷ್ಟು ಹೆಚ್ಚಿತು. ನಿದ್ದೆಯಿಲ್ಲದ ಕೂಸು ಮೊಲೆ ಹಿಡಿಯದೆ ದಿನೇ ದಿನೇ ಬಾಡಿತು. ಅತ್ತೆಗೆ ಎಂದೂ ಎದುರಾಡದ ಕೆಂಚಮ್ಮ, “ಅತ್ತೆಮ್ಮಾ, ನನ್ ಕೂಸು ಉಳಿಯಾಕಿಲ್ವಾ?” ಎಂದು ಕೇಳಿದಳು.

ಕೂಸನ್ನು ಎದೆಗವಚಿಕೊಂಡು ಹೊನ್ನಾಜಮ್ಮ ಬರಿಗಾಲಿನಲ್ಲಿ ಗುಡ್ಡೆಗೆ ಓಡಿದಳು. ಕಾಲಿಗೆ ಚುಚ್ಚಿದ್ದು ತಿಳಿಯಲಿಲ್ಲ. ಮೇಲೆ ಮಲಗಿದ ಎಮ್ಮೆಯಂಥ ಒಂದು ಕಿಟ್ಟದ ಬಂಡೆ. ಭಯವೂ ಕೋಪವೂ ಒಟ್ಟಿಗೆ ಉಕ್ಕಿ, ಕೈಗೆ ಸಿಕ್ಕ ಕಬ್ಬಿಣದ ತುಂಡಿನಿಂದ ಬಂಡೆಯನ್ನೇ ಬಡಿದಳು.

“ಸದ್ದಡಗಿಸು ಅಂದ್ರೆ ನನ್ ಮೊಮ್ಮಗಳ ಉಸಿರೇ ಅಡಗಿಸ್ತೀಯಾ? ಕೇಳಿಸ್ತೈತಾ ನಿಂಗೆ? ಕೇಳಿಸ್ತೈತಾ?”

ಮಾತಿಗೊಂದು ಏಟು. ಬಂಡೆ ಠಣ್ಣೆಂದು ಮೊಳಗಿತು. ಕೂಸು ಬಿಕ್ಕಿ, ಸುಮ್ಮನಾಗಿ, ಆಕಳಿಸಿತು. ಬೆರಗಾದ ಅಜ್ಜಿ ಕೈ ತಡೆದಳು, ಕೂಸು ಕಿರುಚಿತು. ಮತ್ತೆ ಬಡಿದಳು, ಕೂಸು ರೆಪ್ಪೆ ಮುಚ್ಚಿತು. ಬೆವರಿಳಿದು ತೋಳು ಸೋತರೂ ನಿಲ್ಲಿಸುವಂತಿಲ್ಲ! ಆಗ ಆ ಬಂಡೆಯ ಗರ್ಭದಿಂದ, ನಗುವನ್ನು ಅದುಮಿಕೊಂಡ ಗಂಭೀರ ಧ್ವನಿಯೊಂದು ಹೊರಟಿತು:

“ಎಲೌ ಹೊನ್ನಾಜಿ, ಸದ್ದಡಗಲಿ ಎಂದು ಬೇಡಿದೆ, ಅಡಗಿತು. ಕೂಸು ಮಲಗಲಿ ಎಂದು ನೀನು ಬೇಡಲೇ ಇಲ್ಲ. ಗರ್ಭವಾಸದಲ್ಲಿ ತಾಯಿಯ ಎದೆಬಡಿತದೊಡನೆ ಬೆರೆತು ಅದರ ಕಿವಿಗೆ ಬಿದ್ದ ಜೋಗುಳವು ಗೋಡೆಯಾಚೆಯ ಸುತ್ತಿಗೆಯದು. ಲೋಕವು ಕೊಳೆಯೆಂದು ಎಸೆದುದರಲ್ಲಿ ನಾನು ನೆಲೆಸಿದ್ದೇನೆ. ಒಲೆಯೂ ಕುಲುಮೆಯೂ ಒಂದೇ ಗೋಡೆಗೆ ಬೆನ್ನುಕೊಟ್ಟು ಉರಿಯುವ ತನಕ ಈ ಸ್ಥಳವು ನನ್ನದು. ಇನ್ನು ನನ್ನನ್ನು ಬಡಿದದ್ದು ಸಾಕು. ಬಡಿಯಬಲ್ಲವನನ್ನು ಕರೆದು ತಾ.”

ಗಾಡಿಯಿಲ್ಲದೆ ಊರಗಡಿ ದಾಟದ ಗೌಡತಿ, ಸೀರೆಯ ನೆರಿಗೆ ಎತ್ತಿ ಕಟ್ಟಿ, ಅಳುವ ಕೂಸಿನೊಡನೆ ಹಳ್ಳಕ್ಕಿಳಿದಳು. ಆಚೆಯ ಬಯಲಿನಲ್ಲಿ ಮೌನಾಚಾರಿ ತಣ್ಣಗಿನ ಅಡಿಗಲ್ಲಿನ ಮುಂದೆ ಕೈಕಟ್ಟಿ ಕುಳಿತಿದ್ದನು.

“ಆಚಾರಿ, ತಪ್ಪಾಯ್ತು ಕಣಪ್ಪಾ. ಮನೆಗೆ ಬಾ.”

“ಬರೋಕೇನೋ ಬತ್ತೀನಿ ಕಣವ್ವಾ. ಕೂಸು ಬೆಚ್ಚಿಬಿದ್ರೆ?”

“ಬೆಚ್ತಿದ್ದೋಳು ನಾನು. ಮೊದ್ಲು ಸುತ್ತಿಗೆ ಎತ್ತು!”

ಅವನು ಎತ್ತಿದನು, ಅಡಿಗಲ್ಲಿಗೆ ಬಡಿದನು. ಕೂಸು ಅಜ್ಜಿಯ ಹೆಗಲಿಗೆ ಕೆನ್ನೆಯಿಟ್ಟು ಮಲಗಿತು. ಅದರ ಉಸಿರು ಕುತ್ತಿಗೆಗೆ ಬೆಚ್ಚಗೆ ತಾಗಿದಾಗ ಹೊನ್ನಾಜಮ್ಮ ಅತ್ತಳು, ನಕ್ಕಳು, ಮೌನಾಚಾರಿಯೂ ನಕ್ಕನು. ಇಡೀ ಊರು ಹಳ್ಳಕ್ಕೆ ಎದುರು ಬಂದು, ತಮಟೆ ಹೊಡೆದು ಕುಲುಮೆಯನ್ನು ಮೆರವಣಿಗೆಯಲ್ಲಿ ಮನೆತುಂಬಿಸಿಕೊಂಡಿತು. ತಿದಿಗೆ ಮೊದಲ ಉಸಿರು ಗೌಡತಿಯೇ ಒತ್ತಿದಳು. ಸೆರಗಿಗೆ ಕಿಡಿ ಹಾರಿದರೂ ಬೈಯಲಿಲ್ಲವೆಂಬುದನ್ನು ಹಿರಿಯರು ಎರಡನೆಯ ಪವಾಡವಾಗಿ ಎಣಿಸುತ್ತಾರೆ.

ಅಂದಿನಿಂದ ಕಸುಬು ಹಿಡಿದು ಬಂದವರಿಗೆಲ್ಲ ಇಲ್ಲಿ ಗೋಡೆ ಸಿಕ್ಕಿತು. ಮೌನಾಚಾರಿಯ ಮಕ್ಕಳ ಬಳಿಕ ಎರಕದವರು, ಲೇತಿನವರು, ಸ್ಪ್ರಿಂಗು ಸುತ್ತುವವರು, ಊದುಬತ್ತಿ ಹೊಸೆಯುವವರು ಬಂದರು. ಮಹಾನಗರವೂ ನಡೆದು ಬಂದು ಸೇರಿಕೊಂಡಿತು. ಕೆಳಗೆ ವೆಲ್ಡಿಂಗ್ ಶೆಡ್ಡು, ಮೇಲೆ ಹಪ್ಪಳ ಒಣಗಿಸುವ ತಾರಸಿ. ನಕ್ಷೆ ಬರೆಯುವವರು ಮನೆಗೊಂದು ಬಣ್ಣ, ಕಾರ್ಖಾನೆಗೊಂದು ಬಣ್ಣವೆಂದು ಹಚ್ಚಲು ಬಂದು, ಬಣ್ಣವೆಲ್ಲ ಕಲಸಿಹೋಗಿ, ಅಮ್ಮನವರ ಪ್ರಸಾದ ತಿಂದು ಹಿಂದಿರುಗಿದರೆಂದು ಪ್ರತೀತಿ.

ಆ ಕಿಟ್ಟದ ಬಂಡೆಯೇ ಇಂದಿನ ಶ್ರೀ ಸುತ್ತಿಗೆಯಮ್ಮನವರು. ಅಜ್ಜಿಯ ಏಟಿಗೆ ಬಿದ್ದ ಕುಳಿಯನ್ನು ಇಂದಿಗೂ ಅರಿಸಿನ ತುಂಬಿ ತೋರಿಸುತ್ತಾರೆ. ನಾಮಕರಣದ ದಿನ ಕೂಸನ್ನು ಬಂಡೆಯ ಮುಂದೆ ಮಲಗಿಸಿ, ಯಾವುದಾದರೂ ಕಾರ್ಖಾನೆಯ ಕೆಲಸಗಾರರಿಂದ ಅಡಿಗಲ್ಲಿನ ಮೇಲೆ ಸುತ್ತಿಗೆಯ ಸೇವೆ ಮಾಡಿಸುವುದು ಇಲ್ಲಿಯ ಪದ್ಧತಿ. ಠಣ್ಣೆಂದೊಡನೆ ಕೂಸು ಕಣ್ಣು ಮುಚ್ಚಿದರೆ, ಅದು ಇಲ್ಲಿಯದೇ ಎಂದು ನೆರೆದವರೆಲ್ಲ ಚಪ್ಪಾಳೆ ತಟ್ಟುತ್ತಾರೆ. ಬೆಚ್ಚಿ ಅತ್ತರೆ, ಹೊಸದಾಗಿ ಬಾಡಿಗೆಗೆ ಬಂದವರ ಕೂಸೆಂದು ತಿಳಿದು, ತಾಯಿಯ ಮಡಿಲಿಗೆ ತಂಬಿಟ್ಟು ಹಾಕಿ, “ಇನ್ನೊಂದು ತಿಂಗಳು ಇಲ್ಲೇ ಇರವ್ವಾ, ಅಭ್ಯಾಸ ಆಗ್ತದೆ” ಎಂದು ಹೇಳುತ್ತಾರೆ. ಮೌನಾಚಾರಿ ಮರಳಿದ ಆ ದಿನದಿಂದ ಇದುವರೆಗೆ ಈ ಕ್ಷೇತ್ರದಿಂದ ಯಾರನ್ನೂ ಸದ್ದಿಗಾಗಿಯಾಗಲಿ, ಅಳುವಿಗಾಗಿಯಾಗಲಿ ಹೊರಗೆ ಕಳಿಸಿದ್ದಿಲ್ಲ.