ಏರಿಗೊಂದು ಎಲೆ ಅಡಿಕೆ

ಕೆಂಪಣ್ಣನಂಥ ಡ್ರೈವರು ಆ ಸೀಮೇಲೇ ಇರಲಿಲ್ಲ ಕಣ್ರಪ್ಪ. ಒಂದಿನ ಸಾವ್ಕಾರ್ ರುದ್ರಪ್ಪನೋರ ಹಳೇ ಕಾರು ಬೆಟ್ಟದ ಏರಲ್ಲಿ ಕಪ್ಪು ಹೊಗೆ ಉಗುಳಿ, ಮುಕ್ಕರಿದು ನಿಂತೇ ಹೋಯ್ತು. ಬೆಟ್ಟದ ಮೇಲೆ ಅವರ ತಮ್ಮನ ಮಗಳ ಧಾರೆ.

"ಮುಹೂರ್ತ ತಪ್ಪಿದ್ರೆ ನಾಳೆಯಿಂದ ನೀನು ಎಮ್ಮೆ ಕಾಯೋಕೆ ಹೋಗು," ಅಂದ್ರು ಸಾವ್ಕಾರ್ರು.

ಕೆಂಪಣ್ಣ ವಾರೆಗಣ್ಣಲ್ಲಿ ನೋಡ್ದ. ಬೆಳಿಗ್ಗೆ ತಣ್ಣಗಿರೋ ಇಂಜಿನ್ ಎಬ್ಬಿಸೋಕೆ ಎಳೀತೀವಲ್ಲ, ಆ ಚೋಕ್ ಗುಂಡೀನ ಪೂರಾ ಈಚೆಗೆಳೆದು ಸಾವ್ಕಾರ್ರು ತಮ್ಮ ಎಲೆ ಅಡಿಕೆ ಚೀಲ ನೇತಾಕಿದ್ರು. ಕಾರ್ಬುರೇಟರ್‌ಗೆ ಗಾಳಿ ಸಾಲದೆ, ಇಂಜಿನ್ನು ಬರೀ ಪೆಟ್ರೋಲ್ ಕುಡಿದು ಉಸಿರು ಕಟ್ಟಿತ್ತು. ಹಂಗಂತ ಹೇಳೋದುಂಟಾ? ಸಾವ್ಕಾರ್ರ ತಪ್ಪು ತೋರಿಸಿದೋರು ಯಾರೂ ಆ ಮನೇಲಿ ಉಳಿದಿಲ್ಲ.

"ಬುದ್ದಿ, ಬಾಯಲ್ಲಿ ಎಲೆ ಇಲ್ದೆ ಕೈಗೆ ಬಲ ಬರ್ತಿಲ್ಲ. ಆ ಚೀಲ ಇತ್ಲಾಗೆ ಕೊಡಿ."

"ಇಂಥಾ ಹೊತ್ತಲ್ಲೂ ಎಲೆ ಬೇಕೇನೋ ನಿಂಗೆ?" ಅಂತ ಬೈಕೊಂಡೇ ಕೊಟ್ರು.

ಕೆಂಪಣ್ಣ ಚೀಲ ತಗೊಳ್ತಾ ಮೊಣಕೈಲಿ ಗುಂಡೀನ ಒಳಕ್ಕೆ ತಳ್ಳಿದ. ಎಲೆ ಮಡಚಿ ಬಾಯಿಗಿಟ್ಟು, ನಿಧಾನಕ್ಕೆ ಅಗಿದು, ಆಮೇಲೆ ಚಾವಿ ತಿರುಗಿಸಿದ. ಕಾರು ಗುಡುಗುಡು ಅಂತ ಏರು ಹತ್ತಿಬಿಡ್ತು. ಸಾವ್ಕಾರ್ರು ಅವನ ಬಾಯನ್ನೇ ನೋಡ್ತಾ ಕೂತ್ರು.

ಅವತ್ತಿಂದ ಏರು ಕಂಡ ಕೂಡ್ಲೆ ಅವರೇ ಎಲೆಗೆ ಸುಣ್ಣ ಹಚ್ಚಿ ಕೊಡೋರು.

"ತಗೊಳಪ್ಪ, ಮೊದ್ಲು ಅಗಿ. ಏರು ಬಂತು."